ಪೋಷಕರ ಸಂಪರ್ಕ ಯಾರ ಕೆಲಸ? ಶಾಲಾ ಶಿಕ್ಷಣ ಇಲಾಖೆಯ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರಿಗೆ,
ಶಾಲಾ ಶಿಕ್ಷಣ ಇಲಾಖೆ, ಬೆಂಗಳೂರು.

ವಿಷಯ: ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪೋಷಕರ ಹಾಗೂ ಊರಿನವರ ಸಂಪರ್ಕದ ಕೆಲಸಕ್ಕೆ ಹೊಣೆಗಾರರನ್ನು, ಸಮಯವನ್ನು ಮತ್ತು ಹಣವನ್ನು ಗೊತ್ತುಮಾಡುವ ಕುರಿತು.

ಮಾನ್ಯರೇ,

ನಾವು ಸರ್ಕಾರಿ ಕಿರಿಯ ಮತ್ತು ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡುತ್ತಿರುವವರು, ಮಾಡಿ ನಿವೃತ್ತರಾದವರು, ಎಸ್‌ಡಿಎಂಸಿ ಎಂಬ ಶಾಲಾ ಸಮಿತಿಗಳಲ್ಲಿ ಸದಸ್ಯರಾಗಿ ದುಡಿದ ತಂದೆತಾಯಂದಿರು. ಈ ಪತ್ರದಲ್ಲಿ ಕೇಳಿಕೊಳ್ಳುವುದೆಲ್ಲ ಒಂದೇ ಮಾತಿಗೆ ಬಂದು ನಿಲ್ಲುತ್ತದೆ. ಮಕ್ಕಳ ಮನೆಯವರ ಜೊತೆ ಶಾಲೆ ಸಂಬಂಧ ಇಟ್ಟುಕೊಳ್ಳುವುದು ಒಂದು ಕೆಲಸ, ಅದಕ್ಕೆ ಒಬ್ಬರು ಬೇಕು, ವಾರದಲ್ಲಿ ಇಂತಿಷ್ಟು ಗಂಟೆ ಬೇಕು, ಒಂದಿಷ್ಟು ಹಣ ಬೇಕು ಎಂದು ಇಲಾಖೆ ಒಪ್ಪಿಕೊಳ್ಳಬೇಕು. ಇವತ್ತು ಸುತ್ತೋಲೆಗಳಲ್ಲಿ ಅದು ಎಲ್ಲರ ಕರ್ತವ್ಯ. ಶಾಲೆಯ ವೇಳಾಪಟ್ಟಿ ತೆಗೆದು ನೋಡಿದರೆ ಆ ಕೆಲಸದ ಮುಂದೆ ಯಾರ ಹೆಸರೂ ಇರುವುದಿಲ್ಲ.

ಕರ್ನಾಟಕ ಈ ವಿಷಯದಲ್ಲಿ ಹಿಂದುಳಿದ ರಾಜ್ಯವಲ್ಲ. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲೇ ಸರ್ಕಾರ ಆದೇಶ ಹೊರಡಿಸಿ, ಹಳೆಯ ಗ್ರಾಮ ಶಿಕ್ಷಣ ಸಮಿತಿಗಳ ಜಾಗದಲ್ಲಿ ಶಾಲೆಗೊಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು, ಅಂದರೆ ಎಸ್‌ಡಿಎಂಸಿಯನ್ನು, ತಂದಿತು. ಆ ಶಾಲೆಯಲ್ಲಿ ಓದುವ ಮಕ್ಕಳ ಪೋಷಕರೇ ಸೇರಿ ತಮ್ಮೊಳಗಿಂದ ಸದಸ್ಯರನ್ನು ಆರಿಸುವ ಪದ್ಧತಿ ನಮ್ಮಲ್ಲಿ ನೆಲೆಯೂರಿದ ಮೇಲೆ ದೇಶಕ್ಕೆ ಶಿಕ್ಷಣ ಹಕ್ಕು ಕಾಯ್ದೆ ಬಂತು. 2009ರ ಆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರಿರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಹೇಳುವಾಗ, ಪೋಷಕರೊಂದಿಗೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿತದ್ದರ ಪ್ರಗತಿ ಇವನ್ನು ತಿಳಿಸಬೇಕು ಎನ್ನುತ್ತದೆ. ಕಾನೂನಿನಲ್ಲಿ ನಮಗೆ ಕೊರತೆ ಕಾಣುವುದಿಲ್ಲ. ಕೊರತೆ ಇರುವುದು ಸೋಮವಾರದಿಂದ ಶನಿವಾರದವರೆಗಿನ ಗಂಟೆಗಳಲ್ಲಿ.

ಅದೇ ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಮುಖ್ಯ ಶಿಕ್ಷಕರ ಪ್ರತ್ಯೇಕ ಹುದ್ದೆ ಬರುವುದು ಮಕ್ಕಳು 150 ದಾಟಿದಾಗ. ಅಂದರೆ ಹಳ್ಳಿಯ ಚಿಕ್ಕ ಶಾಲೆಯಲ್ಲಿ ಇರುವ ಇಬ್ಬರಲ್ಲಿ ಒಬ್ಬರು ಪ್ರಭಾರ ಮುಖ್ಯ ಶಿಕ್ಷಕರು. ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ ಪದ್ಧತಿಯ ಚಿಕ್ಕ ತರಗತಿಯ ಮಕ್ಕಳನ್ನು ಗುಂಪು ಮಾಡಿ ಕೂರಿಸುವವರೂ ಅವರೇ, ಬಿಸಿಯೂಟದ ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿಯ ಲೆಕ್ಕ ಬರೆಯುವವರೂ ಅವರೇ, ಮೊಟ್ಟೆ ಎಷ್ಟು ಬಾಳೆಹಣ್ಣು ಎಷ್ಟು ಎಂದು ದಾಖಲಿಸುವವರೂ ಅವರೇ. ಮಕ್ಕಳ ದಾಖಲೆ ಇಡುವ ಸ್ಯಾಟ್ಸ್ ತಂತ್ರಾಂಶಕ್ಕೆ ಮಾಹಿತಿ ತುಂಬುವುದು, ವಿದ್ಯಾರ್ಥಿವೇತನದ ದಾಖಲೆ ಹೊಂದಿಸುವುದು, ಸುತ್ತಲಿನ ಶಾಲೆಗಳ ಗುಂಪಾದ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಕರೆದ ಸಭೆಗೆ ಹೋಗುವುದು ಕೂಡ ಅವರ ಪಾಲಿಗೇ. ಇನ್ನೊಬ್ಬರು ರಜೆ ಹಾಕಿದ ದಿನ ಐದೂ ತರಗತಿ ಒಬ್ಬರ ಕೈಯಲ್ಲಿ. ಇಂಥವರಿಗೆ ‘ಪೋಷಕರ ಸಹಭಾಗಿತ್ವ ಹೆಚ್ಚಿಸಿ’ ಎಂದು ಸುತ್ತೋಲೆ ಬಂದರೆ ಅವರು ಮಾಡಲಾಗುವುದು ಒಂದೇ: ಸಭೆ ಕರೆದಂತೆ ಮಾಡಿ, ಸಹಿ ಹಾಕಿಸಿ, ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸುವುದು. ಇದನ್ನು ಅವರ ಸೋಮಾರಿತನವೆಂದು ದಯವಿಟ್ಟು ಭಾವಿಸಬೇಡಿ.

ಈಗ ಶಾಲೆಯಿಂದ ಮನೆಗೆ ಫೋನ್ ಹೋಗುವುದು ಯಾತಕ್ಕೆ ಎಂದು ಒಮ್ಮೆ ನೋಡಬೇಕು. ಆಧಾರ್ ಜೆರಾಕ್ಸ್ ಕೊಟ್ಟಿಲ್ಲ, ಜಾತಿ ಪ್ರಮಾಣಪತ್ರ ತಂದಿಲ್ಲ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ, ಹುಡುಗ ಇನ್ನೊಬ್ಬನ ತಲೆ ಒಡೆದಿದ್ದಾನೆ, ವಾರ್ಷಿಕೋತ್ಸವಕ್ಕೆ ಕೈಲಾದದ್ದು ಕೊಡಿ. ವರ್ಷವಿಡೀ ಇವೇ ಐದು ಕಾರಣ. ‘ನಿಮ್ಮ ಮಗಳು ನಿನ್ನೆ ತಾನಾಗಿಯೇ ಒಂದು ಪುಟ ಓದಿದಳು’ ಎಂದು ಹೇಳಲು ಫೋನ್ ಮಾಡಿದ ಶಾಲೆಗಳು ಇವೆ, ಆದರೆ ಬೆರಳೆಣಿಕೆಯಷ್ಟು. ಶಾಲೆಯ ನಂಬರ್ ನೋಡಿದ ತಕ್ಷಣ ಕೂಲಿಯ ತಾಯಿಗೆ ಎದೆ ಧಸಕ್ಕೆನ್ನುವ ಸ್ಥಿತಿ ಇರುವಾಗ ಅವಳನ್ನು ಸಭೆಗೆ ಬಾ ಎಂದರೆ ಬರುವುದಾದರೂ ಹೇಗೆ? ಪಕ್ಕದ ಊರಿನ ಖಾಸಗಿ ಶಾಲೆಯ ವ್ಯಾನ್ ಓಣಿಯ ಬಾಯಿಗೆ ಬಂದು ನಿಂತಾಗ ಅದರ ಚಾಲಕನೇ ತಾಯಂದಿರ ಹತ್ತಿರ ದಿನಾ ಎರಡು ಮಾತಾಡುತ್ತಾನೆ. ನಮ್ಮ ಶಾಲೆಗಳು ಮಕ್ಕಳನ್ನು ಕಳೆದುಕೊಳ್ಳುವುದಕ್ಕೆ ಇಂಗ್ಲಿಷ್ ಮಾಧ್ಯಮವೊಂದೇ ಕಾರಣವಲ್ಲ.

ಮೊದಲು ಫೋನ್ ನಂಬರಿನ ವಿಷಯ. ಹೇಳಲು ಚಿಕ್ಕದು, ಆದರೆ ಎಲ್ಲ ಕೆಡುವುದು ಇಲ್ಲಿಂದಲೇ. ಒಂದನೇ ತರಗತಿಗೆ ಸೇರಿಸುವಾಗ ಬರೆಸಿಕೊಂಡ ನಂಬರ್ ಐದನೇ ತರಗತಿಯವರೆಗೂ ದಾಖಲೆಯಲ್ಲಿ ಹಾಗೇ ಉಳಿಯುತ್ತದೆ. ರೀಚಾರ್ಜ್ ಮಾಡಿಸದೆ ಸಿಮ್ ನಿಂತುಹೋಗಿರುತ್ತದೆ. ಇಲ್ಲವೇ ಆ ಫೋನ್ ಅಪ್ಪನ ಜೇಬಿನಲ್ಲಿ, ಅಪ್ಪ ಬೆಂಗಳೂರಿನ ಕಟ್ಟಡದ ಕೆಲಸದಲ್ಲಿ. ಕೆಲವು ಮಕ್ಕಳ ಹೆಸರಿನ ಮುಂದೆ ಅಂಗಡಿಯವನ ನಂಬರ್, ಇನ್ನು ಕೆಲವರ ಮುಂದೆ ಶಿಕ್ಷಕರದ್ದೇ ನಂಬರ್ ಇರುತ್ತದೆ. ಆ ಹೊತ್ತಿಗೆ ಖಾನೆ ಖಾಲಿ ಬಿಟ್ಟರೆ ತಂತ್ರಾಂಶ ಮುಂದಕ್ಕೆ ಹೋಗುತ್ತಿರಲಿಲ್ಲ. ವಾಟ್ಸ್‌ಆ್ಯಪ್ ಗುಂಪು ಮಾಡಿದ್ದೇವೆ ಎಂದು ವರದಿ ಹೋಗಿರುತ್ತದೆ. ಆ ಫೋನ್ ಇರುವುದು ಪಿಯುಸಿ ಓದುವ ಅಣ್ಣನ ಕೈಯಲ್ಲಿ. ತಂಗಿಯ ಶಾಲೆಯ ಸಂದೇಶ ಅಮ್ಮನಿಗೆ ಮುಟ್ಟಿಸಬೇಕೆಂದು ಅವನಿಗೆ ಹೊಳೆಯುವುದೂ ಇಲ್ಲ.

ಇದಕ್ಕೆ ಮಾಡಬೇಕಾದದ್ದು ಕಷ್ಟದ್ದೇನಲ್ಲ. ವರ್ಷಕ್ಕೆ ಎರಡು ಸಲ, ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಮತ್ತು ದೀಪಾವಳಿ ಮುಗಿದ ಮೇಲೆ, ಪ್ರತಿ ನಂಬರಿಗೂ ಕರೆ ಮಾಡಿ ನೋಡಬೇಕು. ಒಂದು ನೋಟ್‌ಬುಕ್‌ನಲ್ಲಿ ಮಗುವಿನ ಹೆಸರಿನ ಮುಂದೆ ನಾಲ್ಕು ಖಾನೆ ಸಾಕು: ಫೋನ್ ಯಾರ ಕೈಯಲ್ಲಿರುತ್ತದೆ, ಯಾವ ಹೊತ್ತಿಗೆ ಎತ್ತುತ್ತಾರೆ, ಓದಲು ಬರುತ್ತದೆಯೇ ಅಥವಾ ಧ್ವನಿ ಸಂದೇಶ ಬೇಕೇ, ಸಿಗದಿದ್ದರೆ ಓಣಿಯಲ್ಲಿ ಯಾರಿಗೆ ಹೇಳಬೇಕು. 60 ಮಕ್ಕಳ ಶಾಲೆಯಲ್ಲಿ ಕರೆಗೆ ಮೂರು ನಿಮಿಷ ಹಿಡಿದರೂ ಮೂರು ಗಂಟೆಯ ಕೆಲಸ. ಈ ಮೂರು ಗಂಟೆ ಯಾರ ವೇಳಾಪಟ್ಟಿಯಲ್ಲಿದೆ ಎನ್ನುವುದೇ ನಮ್ಮ ಪ್ರಶ್ನೆ. ಧ್ವನಿ ಸಂದೇಶವೂ ಅಷ್ಟೆ, 30-40 ಸೆಕೆಂಡಿಗಿಂತ ಉದ್ದವಾದರೆ ಯಾರೂ ಪೂರ್ತಿ ಕೇಳುವುದಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಯಾತಕ್ಕೆ, ಎಷ್ಟು ಹೊತ್ತು ಎಂಬ ನಾಲ್ಕು ವಿಷಯ ಬಂದರೆ ಸಾಕು. ಫೋನೇ ಇಲ್ಲದ ಮನೆಗಳಿಗೆ ಹಳೆಯ ದಾರಿಗಳೇ ಈಗಲೂ ಸರಿ. ಕೋಲಾರ, ಮಂಡ್ಯ, ಹಾಸನದ ಕಡೆ ಡೇರಿಗೆ ಹಾಲು ಹಾಕಲು ಸಾಲು ನಿಲ್ಲುವ ಹೊತ್ತಿನಲ್ಲಿ ಹೇಳಿದ ಮಾತು ಊರಿಡೀ ಮುಟ್ಟುತ್ತದೆ. ಬೇರೆಡೆ ಗುಡಿಯ ಮೈಕು, ಮಸೀದಿಯ ಮೈಕು, ಸ್ತ್ರೀಶಕ್ತಿ ಸಂಘದ ವಾರದ ಸಭೆ ಇವೆ.

ಎರಡನೆಯದು ಸಭೆಯ ಹೊತ್ತು. ಬೆಳಗ್ಗೆ 11 ಗಂಟೆಗೆ ಪೋಷಕರ ಸಭೆ ಎಂದರೆ ಅದು ಕೂಲಿ ಮಾಡುವವರಿಗೆ ಬರಬೇಡಿ ಎಂದಂತೆ. ಅರ್ಧ ದಿನ ಬಿಟ್ಟು ಬಂದರೆ ಆ ದಿನದ ಕೂಲಿಯೇ ಹೋಗುತ್ತದೆ. ಆದರೂ ರಾಜ್ಯಕ್ಕೆಲ್ಲ ಒಂದೇ ದಿನ, ಒಂದೇ ಗಂಟೆ ಎಂದು ಆದೇಶ ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಬಸವಣ್ಣನ ವಾರವೆಂದು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಊರುಗಳಿವೆ, ಅಲ್ಲಿ ರೈತರು ಸಿಗುವುದು ಅವತ್ತೇ. ಅಮಾವಾಸ್ಯೆಯ ದಿನವೂ ಹಾಗೆಯೇ. ರಾಮನಗರ, ಮಂಡ್ಯದ ಕಡೆ ಗಾರ್ಮೆಂಟ್ಸ್ ಬಸ್ ಹತ್ತುವ ತಾಯಂದಿರಿಗೆ ಭಾನುವಾರ ಬಿಟ್ಟರೆ ಬೇರೆ ದಿನವಿಲ್ಲ. ರಾಯಚೂರು, ಯಾದಗಿರಿಯಲ್ಲಿ ಹತ್ತಿ ಬಿಡಿಸುವ ಕಾಲದಲ್ಲಿ, ಕೊಡಗು, ಚಿಕ್ಕಮಗಳೂರಿನಲ್ಲಿ ಕಾಫಿ ಕೊಯ್ಲಿನ ಕಾಲದಲ್ಲಿ ಹಗಲು ಸಭೆ ಕರೆದರೆ ಬರುವವರು ಮನೆಯಲ್ಲಿರುವ ಮುದುಕರು ಮಾತ್ರ. ಸಂತೆಯ ದಿನ ಸಭೆ ಇಟ್ಟರಂತೂ ಅವರೂ ಇಲ್ಲ. ಆದ್ದರಿಂದ ವರ್ಷಕ್ಕೆ ಇಷ್ಟು ಸಭೆ ಎಂಬುದನ್ನು ಮಾತ್ರ ಇಲಾಖೆ ಹೇಳಲಿ. ದಿನ ಮತ್ತು ಹೊತ್ತನ್ನು ಜೂನ್ ತಿಂಗಳ ಮೊದಲ ಸಭೆಯಲ್ಲಿ ಪೋಷಕರೇ ಗೊತ್ತುಮಾಡಿ ನಡವಳಿ ಪುಸ್ತಕದಲ್ಲಿ ಬರೆಯಲಿ. ಸಂಜೆ 6ರಿಂದ 8ರವರೆಗೆ ಸಭೆ ನಡೆಸಿದ ಶಿಕ್ಷಕರಿಗೆ ಆ ಹೊತ್ತಿಗೆ ಬದಲಾಗಿ ಪರಿಹಾರ ರಜೆ ಸಿಗಲಿ. ಬಸ್ ಇಲ್ಲದ ಊರಿನಲ್ಲಿ ರಾತ್ರಿ ಎಂಟರ ತನಕ ಶಿಕ್ಷಕಿಯರನ್ನು ನಿಲ್ಲಿಸಿಕೊಳ್ಳುವುದೂ ಸರಿಯಲ್ಲ. ಅಂಥ ಕಡೆ ಬೆಳಗ್ಗೆ ಏಳೂವರೆಯ ಸಭೆ ನಡೆಯುತ್ತದೆ.

ಸಭೆ ನಡೆಯುವ ರೀತಿ ಇನ್ನೂ ಮುಖ್ಯ. ಮುಂದೆ ಟೇಬಲ್ಲು, ಅದರ ಹಿಂದೆ ಕುರ್ಚಿಗಳಲ್ಲಿ ಮುಖ್ಯ ಶಿಕ್ಷಕರು, ಅಧ್ಯಕ್ಷರು, ಪಂಚಾಯಿತಿ ಸದಸ್ಯರು. ಕೆಳಗೆ ಜಮಖಾನದ ಮೇಲೆ ಗಂಡಸರು, ಬಾಗಿಲ ಹತ್ತಿರ ಸೆರಗು ಹೊದ್ದ ಹೆಂಗಸರು. ಸ್ವಾಗತ, ಪ್ರಾಸ್ತಾವಿಕ, ಹಾರ, ಭಾಷಣ, ವಂದನಾರ್ಪಣೆ ಮುಗಿಯುವಾಗ ಒಂದೂವರೆ ಗಂಟೆ. ತನ್ನ ಮಗು ಎರಡಂಕಿಯ ಕಳೆಯುವ ಲೆಕ್ಕ ಮಾಡುತ್ತದೋ ಇಲ್ಲವೋ ಎಂದು ಕೇಳಬೇಕೆಂದು ಬಂದ ತಾಯಿಗೆ ಕೇಳಲು ಎಡೆಯೇ ಸಿಗಲಿಲ್ಲ. ಇದಕ್ಕಿಂತ ಕೆಟ್ಟದ್ದು, ‘ಸಮುದಾಯದತ್ತ ಶಾಲೆ’ಯ ದಿನ ಎಲ್ಲರೆದುರು ಅಂಕ ಓದುವುದು. ಸಮುದಾಯದೆದುರು ಮಕ್ಕಳ ಕಲಿಕೆಯನ್ನು ಇಡಬೇಕೆಂಬ ಆಶಯ ಒಳ್ಳೆಯದೇ. ಆದರೆ ಗ್ರೇಡ್‌ಗಳನ್ನು ಹೆಸರು ಹಿಡಿದು ಓದಿದಾಗ ಕೊನೆಯಲ್ಲಿರುವ ಮಗುವಿನ ತಾಯಿ ತಲೆ ತಗ್ಗಿಸಿ ಕೂರುತ್ತಾಳೆ, ಮುಂದಿನ ಸಭೆಗೆ ಬರುವುದಿಲ್ಲ, ಮನೆಗೆ ಹೋದ ಮೇಲೆ ಮಗುವಿಗೆ ಏಟು ಬೀಳುತ್ತದೆ. ಯಾರ ಮನೆಗೆ ಶಾಲೆಯ ಮಾತು ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವರೇ ದೂರವಾಗುತ್ತಾರೆ.

ಇದರ ಬದಲು ಮನೆಗೊಬ್ಬರಂತೆ ಕೂರಿಸಿ ಮಾತಾಡುವ ಕ್ರಮ ಬರಬೇಕು. ಒಂದು ಮಗುವಿಗೆ ಏಳು ನಿಮಿಷ. 30 ಮಕ್ಕಳ ತರಗತಿಗೆ ಒಟ್ಟು 210 ನಿಮಿಷ ಬೇಕು, ಒಂದೇ ದಿನಕ್ಕೆ ಅದು ಭಾರ. ಮೂರು ಸಂಜೆಗಳಿಗೆ ಹಂಚಿ ದಿನಕ್ಕೆ ಹತ್ತು ಮನೆಯಂತೆ ಕರೆದರೆ 70 ನಿಮಿಷದಲ್ಲಿ ಮುಗಿಯುತ್ತದೆ. ಎದುರುಬದುರು ಟೇಬಲ್ ಹಾಕಿ ಕೂರಬಾರದು, ಒಂದೇ ಬದಿಗೆ ಕೂತು ನಡುವೆ ಮಗುವಿನ ನೋಟ್‌ಬುಕ್ ಬಿಡಿಸಿ ಇಡಬೇಕು. ಜೂನ್‌ನಲ್ಲಿ ಬರೆದ ಒಂದು ಪುಟ, ಈಗ ಬರೆದ ಒಂದು ಪುಟ ಪಕ್ಕಪಕ್ಕದಲ್ಲಿಟ್ಟರೆ ಅಕ್ಷರ ಬಾರದ ತಾಯಿಗೂ ವ್ಯತ್ಯಾಸ ಕಾಣುತ್ತದೆ. ನಲಿಕಲಿಯ ಮಕ್ಕಳಾದರೆ ಗೋಡೆಯ ಮೇಲಿನ ಪ್ರಗತಿ ನೋಟದಲ್ಲಿ ಮಗು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು. ಮೊದಲ ಎರಡು ನಿಮಿಷ ಮಗುವಿಗೆ ಬಂದದ್ದರ ಬಗ್ಗೆ, ಆಮೇಲಿನ ಎರಡು ನಿಮಿಷ ಬಾರದ್ದರ ಬಗ್ಗೆ ಮಾತಾಡಿ, ಉಳಿದ ಹೊತ್ತನ್ನು ಮನೆಯವರಿಗೆ ಬಿಡಬೇಕು. ಮನೆಯಲ್ಲಿ ಮಾಡಿಸಲು ಹೇಳುವುದು ಒಂದೇ ಕೆಲಸವಿರಲಿ, ಅದೂ ಓದು ಬಾರದವರಿಗೆ ಆಗುವಂಥದ್ದು: ರಾತ್ರಿ ಊಟವಾದ ಮೇಲೆ ಮಗು ಒಂದು ಪುಟ ಜೋರಾಗಿ ಓದಲಿ, ನೀವು ಕೂತು ಕೇಳಿ. ಅಂಗಡಿಯಿಂದ ತಂದ ಸಾಮಾನಿನ ಲೆಕ್ಕ ಮಗುವಿನ ಹತ್ತಿರ ಹೇಳಿಸಿ. ‘ಮನೆಯಲ್ಲಿ ಸ್ವಲ್ಪ ಓದಿಸಿ’ ಎಂಬ ಮಾತಿನಿಂದ ಏನೂ ಆಗುವುದಿಲ್ಲ, ಏಕೆಂದರೆ ಓದಿಸುವುದು ಹೇಗೆಂದು ಅವರಿಗೆ ಯಾರೂ ತೋರಿಸಿಕೊಟ್ಟಿಲ್ಲ.

ಮನೆ ಭೇಟಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇಡೀ ಕೆಲಸದಲ್ಲಿ ಫಲ ಕೊಡುವುದು ಅದೇ ಎಂಬುದು ನಮ್ಮೆಲ್ಲರ ಅನುಭವ. ದಾಖಲಾತಿ ಆಂದೋಲನದಲ್ಲಿ ಮೇ, ಜೂನ್‌ನಲ್ಲಿ ಮನೆ ಮನೆ ಸುತ್ತುವುದು ಭೇಟಿಯಲ್ಲ. ಅದು ಮಕ್ಕಳನ್ನು ಕೇಳಲು ಹೋಗುವುದು, ಊರಿನವರಿಗೂ ಅದು ಗೊತ್ತು. ನಿಜವಾದ ಭೇಟಿ ಮಗು ಸೇರಿದ ಮೇಲಿನದು. ಹಿಂದಿನ ದಿನವೇ ಮಗುವಿನ ಹತ್ತಿರ ಹೇಳಿ ಕಳಿಸಬೇಕು, ಇಲ್ಲದಿದ್ದರೆ ಮನೆ ಚೊಕ್ಕ ಮಾಡಿಲ್ಲ, ಚಹಾಕ್ಕೆ ಹಾಲಿಲ್ಲ ಎಂದು ತಾಯಿ ಒದ್ದಾಡುತ್ತಾಳೆ. ಇಬ್ಬರು ಹೋಗಬೇಕು, ಒಬ್ಬರು ಮಹಿಳೆಯಿರಬೇಕು. ಇಬ್ಬರೂ ಪುರುಷರೇ ಇರುವ ಶಾಲೆಯಾದರೆ ಅಂಗನವಾಡಿ ಕಾರ್ಯಕರ್ತೆಯನ್ನೋ ಎಸ್‌ಡಿಎಂಸಿಯ ತಾಯಿಯೊಬ್ಬರನ್ನೋ ಕರೆದುಕೊಳ್ಳಬಹುದು. ಊಟದ ಹೊತ್ತು ತಪ್ಪಿಸಬೇಕು. ಹಾಜರಿ ಪುಸ್ತಕ ಒಯ್ಯಬಾರದು, ಅವರೆದುರು ಏನನ್ನೂ ಬರೆದುಕೊಳ್ಳಬಾರದು, ಫೋಟೊವಂತೂ ಬೇಡವೇ ಬೇಡ. ಹೋಗಿದ್ದೇವೆಂಬ ಸಾಕ್ಷಿಗೆ ಸ್ಥಳದ ಗುರುತಿರುವ ಫೋಟೊ ಕೇಳುವ ಕ್ರಮ ಬಂದರೆ ಆ ಭೇಟಿ ಅಲ್ಲಿಗೆ ಸತ್ತಂತೆ. ಮಗು ಎಲ್ಲಿ ಮಲಗುತ್ತದೆ, ದೀಪ ಎಷ್ಟು ಹೊತ್ತಿರುತ್ತದೆ, ಕೈಗೂಸನ್ನು ಯಾರು ನೋಡಿಕೊಳ್ಳುತ್ತಾರೆ, ಶಾಲೆಗೆ ಹೊರಡುವ ಮುಂಚೆ ಮಗು ಏನು ತಿನ್ನುತ್ತದೆ, ಇಷ್ಟು ನೋಡಿದರೆ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕಿರುತ್ತದೆ. ಸೋಮವಾರ ಮಾತ್ರ ತೂಕಡಿಸುವ ಹುಡುಗ ಭಾನುವಾರ ರಾತ್ರಿ ಅಪ್ಪನ ಜೊತೆ ಹೊಲಕ್ಕೆ ನೀರು ಕಟ್ಟಲು ಹೋಗಿರುತ್ತಾನೆ. ರಾತ್ರಿ ಪಾಳಿಯಲ್ಲೇ ತ್ರೀಫೇಸ್ ಕರೆಂಟ್ ಬಂದರೆ ಬೇರೆ ದಾರಿಯಿಲ್ಲ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಊರಿನ ಎಲ್ಲ ಕೇರಿಗಳಿಗೂ ಹೋಗಬೇಕು, ಎಲ್ಲ ಮನೆಗಳಲ್ಲೂ ಕೊಟ್ಟ ನೀರು ಕುಡಿಯಬೇಕು. ಗೌಡರ ಜಗಲಿಯಲ್ಲಿ ಕೂತು ಚಹಾ ಕುಡಿದ ಮೇಷ್ಟ್ರು ದಲಿತರ ಕೇರಿಯಲ್ಲಿ ನಿಂತೇ ಮಾತಾಡಿ ಹೊರಟರೆ ಆ ಸುದ್ದಿ ಸಂಜೆಯೊಳಗೆ ಊರೆಲ್ಲ ಹರಡುತ್ತದೆ. ಆಮೇಲೆ ಎಷ್ಟು ಸಭೆ ಕರೆದರೂ ಆ ಕೇರಿಯ ತಾಯಂದಿರು ಶಾಲೆಯ ಗೇಟಿನ ಒಳಗೆ ಬರುವುದಿಲ್ಲ. ತರಬೇತಿಯಲ್ಲಿ ಇದನ್ನು ಬಾಯಿಬಿಟ್ಟು ಹೇಳಿಕೊಡಬೇಕು.

ಎಸ್‌ಡಿಎಂಸಿಯ ವಿಷಯಕ್ಕೆ ಬರುತ್ತೇವೆ. ಕೇಂದ್ರದ 2010ರ ಮಾದರಿ ನಿಯಮಗಳು ತಿಂಗಳಿಗೊಮ್ಮೆಯಾದರೂ ಸಮಿತಿ ಸೇರಬೇಕು, ನಡವಳಿ ಸಾರ್ವಜನಿಕರಿಗೆ ಸಿಗಬೇಕು ಎನ್ನುತ್ತವೆ. ನಡೆಯುವುದು ಬೇರೆ. ನಡವಳಿ ಪುಸ್ತಕ ಬೀರುವಿನಲ್ಲಿರುತ್ತದೆ, ಸಹಿ ಬೇಕಾದಾಗ ಐದನೇ ತರಗತಿಯ ಹುಡುಗನ ಕೈಯಲ್ಲಿ ಮನೆ ಮನೆಗೆ ಹೋಗಿ ಬರುತ್ತದೆ. ಮಹಿಳಾ ಸದಸ್ಯರ ಪರವಾಗಿ ಗಂಡಂದಿರು ಬಂದು ಕೂರುತ್ತಾರೆ. ಅಧ್ಯಕ್ಷಗಿರಿಯಂತೂ ಅನೇಕ ಊರುಗಳಲ್ಲಿ ಪಂಚಾಯಿತಿ ಚುನಾವಣೆಯ ಮುಂದುವರಿದ ಭಾಗವಾಗಿದೆ. ಸಮಿತಿ ರಚನೆಯ ದಿನ ಬೆಳಗ್ಗೆ ತಿಳಿಸಿ ಮಧ್ಯಾಹ್ನ ಕೈ ಎತ್ತಿಸಿ ಮುಗಿಸುವುದೂ ಉಂಟು. ಕಾಯ್ದೆಯ 22ನೇ ಸೆಕ್ಷನ್ ಹೇಳುವ ಶಾಲಾ ಅಭಿವೃದ್ಧಿ ಯೋಜನೆಯೂ ಹಾಗೆ. ಮೂರು ವರ್ಷದ್ದು ಎಂದು ಲೆಕ್ಕ, ಹಳೆಯ ಪ್ರತಿಯ ದಿನಾಂಕ ತಿದ್ದಿ ಕಳಿಸುವುದು ರೂಢಿ.

ಯೋಜನೆ ಮಾಡುವುದನ್ನು ಪೋಷಕರಿಗೆ ಕಲಿಸಲು ಒಂದು ಭಾನುವಾರ ಸಾಕು. ಮೊದಲು ಅವರನ್ನು ಶಾಲೆಯೊಳಗೆ ನಡೆಸಬೇಕು: ಶೌಚಾಲಯದ ಬಾಗಿಲ ಚಿಲಕ, ನೀರಿನ ಟ್ಯಾಂಕಿನ ಒಳಗು, ಅಡುಗೆ ಕೋಣೆಯ ಹೊಗೆ ಹೋಗುವ ದಾರಿ, ಸೋರುವ ಮೂಲೆ, ಅಂಗವಿಕಲ ಮಗು ಹತ್ತಬೇಕಾದ ಇಳಿಜಾರು. ಕಂಡದ್ದನ್ನು ಒಂದೊಂದು ಚೀಟಿಯಲ್ಲಿ ಬರೆದು, ಅಕ್ಷರ ಬಾರದವರಿಗೆ ಚಿತ್ರ ಬರೆದು, ಮೂರು ಗುಂಪು ಮಾಡಬೇಕು. ನಾವೇ ಮಾಡಿಕೊಳ್ಳಬಹುದಾದದ್ದು, ಪಂಚಾಯಿತಿಗೆ ಕೇಳಬೇಕಾದದ್ದು, ಇಲಾಖೆಗೆ ಬರೆಯಬೇಕಾದದ್ದು. ಚಿಲಕಕ್ಕೆ ಇಲಾಖೆಯ ದಾರಿ ಕಾಯುವುದು, ಕೋಣೆ ಕಟ್ಟಲು ಪೋಷಕರ ಹತ್ತಿರ ಚಂದಾ ಎತ್ತುವುದು ಎರಡೂ ಇಲ್ಲಿಗೆ ನಿಲ್ಲುತ್ತವೆ. ಶಾಲಾ ಅನುದಾನ ಎಷ್ಟು ಬಂತು, ಯಾತಕ್ಕೆ ಹೋಯಿತು ಎಂಬುದನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ ಶಾಲೆಗಳಲ್ಲಿ ಜಗಳ ಕಡಿಮೆ, ಸಹಾಯ ಹೆಚ್ಚು. ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಗುಳೆ ಹೋಗುವ ಮನೆಗಳ ಬಗ್ಗೆ ತಮ್ಮ ವಿಶೇಷ ಗಮನ ಸೆಳೆಯುತ್ತೇವೆ. ಕಲಬುರಗಿ, ಯಾದಗಿರಿ, ರಾಯಚೂರಿನ ಹಳ್ಳಿ, ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಕಬ್ಬು ಕಡಿಯಲು, ಇಟ್ಟಿಗೆ ಭಟ್ಟಿಗೆ, ಕಟ್ಟಡದ ಕೆಲಸಕ್ಕೆ ಸಂಸಾರ ಸಮೇತ ಹೊರಡುತ್ತಾರೆ. ಶಾಲೆಗೆ ತಿಳಿಯುವುದು ಮಗು ವಾರಗಟ್ಟಲೆ ಬಾರದಿದ್ದ ಮೇಲೆ. ಆದರೆ ಮೇಸ್ತ್ರಿ ಮುಂಗಡ ಕೊಟ್ಟಾಗಲೇ ಊರಿಗೆ ಗೊತ್ತಿರುತ್ತದೆ, ಯಾವ ಮನೆ, ಯಾವ ಊರಿಗೆ, ಎಂದಿನಿಂದ ಎಂದು. ದಸರಾ ರಜೆ ಮುಗಿದ ಕೂಡಲೇ ಪೋಷಕರ ಸಂಪರ್ಕದ ಹೊಣೆ ಹೊತ್ತವರು ತಾಂಡಾದ ನಾಯಕ್, ಆಶಾ ಕಾರ್ಯಕರ್ತೆ, ಬಿಸಿಯೂಟದ ಅಡುಗೆಯವರು ಇವರ ಹತ್ತಿರ ಕೂತರೆ ಒಂದು ಗಂಟೆಯಲ್ಲಿ ಪಟ್ಟಿ ತಯಾರಾಗುತ್ತದೆ. ಅಜ್ಜಿಯ ಹತ್ತಿರ ಬಿಟ್ಟು ಹೋಗಬಲ್ಲ ಮಕ್ಕಳಿಗೆ ಋತುಮಾನದ ವಸತಿ ವ್ಯವಸ್ಥೆಯನ್ನು ಮುಂಚಿತವಾಗಿ ಕೇಳಬಹುದು. ಜೊತೆಗೇ ಹೋಗುವ ಮಕ್ಕಳ ಕೈಯಲ್ಲಿ ಒಂದು ಹಾಳೆ ಇರಲಿ: ಸ್ಯಾಟ್ಸ್ ಸಂಖ್ಯೆ, ಓದು ಬರಹದಲ್ಲಿ ಮತ್ತು ಲೆಕ್ಕದಲ್ಲಿ ಮಗು ಎಲ್ಲಿಗೆ ಬಂದಿದೆ, ಶಾಲೆಯ ಫೋನ್. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಸೇರಿಸಿಕೊಳ್ಳದಿರುವಂತಿಲ್ಲ ಎಂದು ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ, ದಾಖಲಾತಿಯ ಅವಧಿ ಮುಗಿದಿದೆ ಎನ್ನುವಂತಿಲ್ಲ ಎಂದು 15ನೆಯದು. ಅದೇ ಹಾಳೆಯ ಹಿಂಬದಿಯಲ್ಲಿ ಈ ಎರಡನ್ನೂ ಅಚ್ಚು ಹಾಕಿಸಿ ಕೊಟ್ಟರೆ, ಗೊತ್ತಿಲ್ಲದ ಊರಿನ ಶಾಲೆಯ ಬಾಗಿಲಲ್ಲಿ ಆ ತಾಯಿಗೆ ಅದೇ ದೊಡ್ಡ ಬಲ.

ಭಾಷೆಯದೂ ಒಂದು ತೊಡಕು. ತಾಂಡಾದಲ್ಲಿ ಲಂಬಾಣಿ, ಕೋಲಾರದ ಗಡಿಯಲ್ಲಿ ತೆಲುಗು, ಬೆಳಗಾವಿಯ ಕಡೆ ಮರಾಠಿ, ಪಟ್ಟಣದ ಮೊಹಲ್ಲಾಗಳಲ್ಲಿ ಉರ್ದು, ಕಾಫಿ ತೋಟದ ಲೈನ್‌ಮನೆಗಳಲ್ಲಿ ದೂರದ ರಾಜ್ಯಗಳ ಭಾಷೆ. ಈಗ ಮಾತು ತಿರುಗಿಸಿ ಹೇಳುವುದು ಅದೇ ಮಗು ಅಥವಾ ಅದರ ಅಕ್ಕ. ತನ್ನ ಮೇಲಿನ ದೂರನ್ನು ತಾನೇ ಅಮ್ಮನಿಗೆ ತಿರುಗಿಸಿ ಹೇಳಬೇಕಾದ ಸ್ಥಿತಿಗೆ ಯಾವ ಮಗುವನ್ನೂ ತಳ್ಳಬಾರದು. ಊರಿನಲ್ಲಿ ಎರಡೂ ಭಾಷೆ ಬಲ್ಲ ದೊಡ್ಡವರೊಬ್ಬರನ್ನು ಗುರುತಿಸಿ, ಸಭೆಗೆ ಇಂತಿಷ್ಟೆಂದು ಗೌರವಧನ ಕೊಟ್ಟು ಕರೆಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಬೇಡಿಕೆಗಳು.

ಪ್ರತಿ ಶಾಲೆಯಲ್ಲಿ ಒಬ್ಬ ಶಿಕ್ಷಕರನ್ನು ಪೋಷಕರ ಸಂಪರ್ಕಕ್ಕೆಂದು ಲಿಖಿತ ಆದೇಶದ ಮೂಲಕ ಗೊತ್ತುಮಾಡಿ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲಿನ ಎರಡು ಗಂಟೆಗಳನ್ನು ಇದಕ್ಕೇ ಮೀಸಲಿಡಿ. ಆ ಹೊತ್ತಿನಲ್ಲಿ ಕ್ಲಸ್ಟರ್ ಸಭೆ, ಆನ್‌ಲೈನ್ ಮಾಹಿತಿ, ತುರ್ತು ವರದಿ ಯಾವುದನ್ನೂ ಕೇಳಕೂಡದು. ವಾರಕ್ಕೆ ಎರಡು ಮನೆಯಂತೆ 32 ವಾರ ಹೋದರೂ 64 ಭೇಟಿ ಆಗುತ್ತವೆ, 60 ಮಕ್ಕಳ ಶಾಲೆಯಲ್ಲಿ ಒಂದು ಮನೆಯೂ ಬಿಟ್ಟುಹೋಗುವುದಿಲ್ಲ. ಇಬ್ಬರೇ ಇರುವ ಶಾಲೆಗಳಿಗೆ ನೆರವಾಗಲು, ಎಸ್‌ಡಿಎಂಸಿಗಳಿಗೆ ತರಬೇತಿ ಕೊಡಲು, ಗುಳೆಯ ಪಟ್ಟಿ ಹೊಂದಿಸಲು ಕ್ಲಸ್ಟರ್‌ಗೊಬ್ಬ ಸಂಯೋಜಕರನ್ನು ನೇಮಿಸಿ. ಈ ಕೆಲಸವನ್ನೂ ಸಿಆರ್‌ಪಿಗಳ ಹೆಗಲಿಗೇ ಹಾಕುವುದಾದರೆ ಅವರ ಬೇರೆ ಕೆಲಸಗಳನ್ನು ಮೊದಲು ಇಳಿಸಿ. ಒಮ್ಮೆಲೇ ರಾಜ್ಯಕ್ಕೆಲ್ಲ ಆಗದಿದ್ದರೆ ಮೊದಲ ವರ್ಷ ತಾಲ್ಲೂಕಿಗೆ ಒಂದು ಕ್ಲಸ್ಟರ್ ಆಗಲಿ, ಗುಳೆ ಹೆಚ್ಚಿರುವ ತಾಲ್ಲೂಕುಗಳಿಂದ ಶುರುವಾಗಲಿ.

ಹಣದ ಲೆಕ್ಕವನ್ನೂ ಹಾಕಿದ್ದೇವೆ. ವರ್ಷಕ್ಕೆ ನಾಲ್ಕು ಸಭೆ, ಸಭೆಗೆ 60 ಜನ, ತಲೆಗೆ 15 ರೂಪಾಯಿಯ ಚಹಾ ತಿಂಡಿ ಎಂದರೆ 3,600 ರೂಪಾಯಿ. ಶಾಲೆಯ ಹೆಸರಿನಲ್ಲೇ ಒಂದು ಸಿಮ್, ತಿಂಗಳಿಗೆ 200ರಂತೆ 2,400. ಕಾಗದ, ಜೆರಾಕ್ಸ್‌ಗೆ 1,000. ಭಾಷೆ ತಿಳಿದವರ ಗೌರವಧನ, ಓಡಾಟಕ್ಕೆ 1,500. ಒಟ್ಟು 8,500 ರೂಪಾಯಿ. ಕೇಂದ್ರ, ರಾಜ್ಯ ಸೇರಿ ಹಣ ಕೊಡುವ ಸಮಗ್ರ ಶಿಕ್ಷಣ ಯೋಜನೆಯಲ್ಲಿ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ ಬರುವ ಸಂಯುಕ್ತ ಅನುದಾನ 25,000. ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಹೋಗಬೇಕು, ಉಳಿದದ್ದರಲ್ಲೇ ಸೀಮೆಸುಣ್ಣ, ಸುಣ್ಣಬಣ್ಣ, ರಿಪೇರಿ ಆಗಬೇಕು. ಆದ್ದರಿಂದ ಈ 8,500 ಪ್ರತ್ಯೇಕವಾಗಿ ಬರಬೇಕೇ ಹೊರತು ಇದ್ದದ್ದರಲ್ಲೇ ಹೊಂದಿಸಿಕೊಳ್ಳಿ ಎಂದಾಗಬಾರದು. ಶಿಕ್ಷಕರು ತಮ್ಮ ಸ್ವಂತ ಫೋನ್‌ನಿಂದ, ಸ್ವಂತ ಜೇಬಿನಿಂದ ಇದನ್ನು ಈಗಾಗಲೇ ಬೇಕಾದಷ್ಟು ಮಾಡಿದ್ದಾರೆ.

ಎಸ್‌ಡಿಎಂಸಿ ರಚನೆಗೆ ಏಳು ದಿನ ಮುಂಚೆ ಪ್ರತಿ ಕೇರಿಗೂ ತಿಳಿಸುವುದು, ಅದಕ್ಕೂ ಮೊದಲು ತಾಯಂದಿರದ್ದೇ ಒಂದು ಸಭೆ ನಡೆಸುವುದು, ಸದಸ್ಯೆ ಖುದ್ದಾಗಿ ಬಾರದಿದ್ದರೆ ಅವರ ಸಹಿಯನ್ನು ಲೆಕ್ಕಕ್ಕೆ ಹಿಡಿಯದಿರುವುದು, ಇವನ್ನು ಆದೇಶದಲ್ಲಿ ಸೇರಿಸಿ. ದೂರು ಪೆಟ್ಟಿಗೆಯ ಕೀಲಿ ಮುಖ್ಯ ಶಿಕ್ಷಕರ ಹತ್ತಿರ ಇರುವವರೆಗೆ ಅದರಲ್ಲಿ ದೂರು ಬೀಳುವುದಿಲ್ಲ. ಕೀಲಿಯನ್ನು ಸಮಿತಿಯ ಒಬ್ಬ ತಾಯಿಗೆ ಕೊಡಿ, ತಿಂಗಳಿಗೊಮ್ಮೆ ಸಂಯೋಜಕರ ಎದುರು ತೆರೆದು, 15 ದಿನದೊಳಗೆ ಉತ್ತರವನ್ನು ಫಲಕದಲ್ಲಿ ಹಾಕುವಂತಾಗಲಿ. ದೂರು ಕೊಟ್ಟವರ ಹೆಸರು ಮಾತ್ರ ಎಲ್ಲೂ ಹೊರಬರಬಾರದು.

ಕೊನೆಯದಾಗಿ ವರದಿಯ ವಿಷಯ. ಸಭೆಯ ಫೋಟೊ, ಬಂದವರ ತಲೆ ಎಣಿಕೆ ಕೇಳುವುದನ್ನು ನಿಲ್ಲಿಸಿ. ಅವಧಿಗೊಮ್ಮೆ ಮೂರನ್ನು ಮಾತ್ರ ಕೇಳಿ: ಎಷ್ಟು ಮನೆಗಳ ಜೊತೆ ಪ್ರತ್ಯೇಕವಾಗಿ ಮಾತಾಡಿದ್ದೀರಿ, ಪಟ್ಟಿಯಲ್ಲಿರುವ ಎಷ್ಟು ಫೋನ್ ನಂಬರ್ ಈಗ ಸಿಗುತ್ತವೆ, ಕಳೆದ ಸಭೆಯಲ್ಲಿ ಪೋಷಕರು ಕೇಳಿದ್ದರಲ್ಲಿ ಏನೇನು ಆಯಿತು. ಈ ಮೂರಕ್ಕೂ ಸುಳ್ಳು ಉತ್ತರ ಬರೆಯುವುದು ಕಷ್ಟ, ಯಾವುದಾದರೂ ಹತ್ತು ನಂಬರಿಗೆ ಕರೆ ಮಾಡಿದರೆ ಗೊತ್ತಾಗಿಬಿಡುತ್ತದೆ.

ಬರುವ ಜೂನ್‌ನಲ್ಲಿ ಶಾಲೆಗಳು ತೆರೆಯುವ ಮೊದಲು ಈ ಬಗ್ಗೆ ಆದೇಶ ಹೊರಬರಬೇಕೆಂದು ಕೋರುತ್ತೇವೆ. ಜೂನ್ ಕಳೆದರೆ ಮೊದಲ ಸಭೆಯ ದಿನ ತಪ್ಪುತ್ತದೆ, ಅದು ತಪ್ಪಿದರೆ ಗುಳೆಯ ಪಟ್ಟಿಯೂ ತಪ್ಪಿ ಇನ್ನೊಂದು ವರ್ಷ ಹೋಗುತ್ತದೆ. ತಾವು ಕರೆದ ದಿನ, ಕರೆದ ಕಡೆಗೆ ಬಂದು ಇದರ ಪ್ರತಿಯೊಂದು ಅಂಶವನ್ನೂ ವಿವರಿಸಲು ನಾವು ಸಿದ್ಧರಿದ್ದೇವೆ. ಆ ಸಭೆಗೆ ತಾಂಡಾದ, ಗಾರ್ಮೆಂಟ್ಸ್‌ನ, ಕಾಫಿ ತೋಟದ ತಾಯಂದಿರನ್ನೂ ಕರೆಸಬೇಕೆಂದು, ಅವರ ಆ ದಿನದ ಕೂಲಿಯನ್ನು ಇಲಾಖೆಯೇ ಭರಿಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ಸರ್ಕಾರಿ ಪ್ರಾಥಮಿಕ ಶಾಲೆಗಳ ಕೆಲವು ಶಿಕ್ಷಕರು, ನಿವೃತ್ತ ಶಿಕ್ಷಕರು ಮತ್ತು ಎಸ್‌ಡಿಎಂಸಿ ಸದಸ್ಯರು